ಹಿಮ್ಮುಖ ಓಟದ ಗುರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಮ್ಮ ಕಾಲ್ಚೆಂಡಾಟವನ್ನು ಮಾತ್ರ ಬಲ್ಲವರು ಅದನ್ನು ಮೊದಲ ಸಲ ಕಂಡಾಗ, ಇದು ಆಟವೋ ಕಾಳಗವೋ ಎಂದು ಬೆರಗಾಗುತ್ತಾರೆ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ, ಕಡೆಗೆ 11 ಜನರಂತೆ ಎರಡು ತಂಡ, 100 ಗಜ ಉದ್ದದ ಬಯಲು. ಚೆಂಡು ಕೈಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಗಜವಾದರೂ ಮುಂದೊತ್ತಬೇಕು; ಇಲ್ಲವಾದರೆ ಚೆಂಡು ಎದುರಾಳಿಗೆ ಸಲ್ಲುತ್ತದೆ. ಚೆಂಡನ್ನು ಹಿಡಿದುಕೊಂಡು ನುಗ್ಗಬಹುದು. ಇಲ್ಲವೇ ದೂರಕ್ಕೆಸೆದು, ಓಡುತ್ತಿರುವ ಜೊತೆಗಾರ ಹಿಡಿಯುವಂತೆ ಮಾಡಬಹುದು.

ಈ ಓಡುವವನ ಬೆನ್ನುಬಿಡದ ಕಾವಲುಗಾರರೇ ಹಿಂಗಾವಲಿನ ಆಟಗಾರರು; ಅವರ ಭಾಷೆಯಲ್ಲಿ ‘ಡಿಫೆನ್ಸಿವ್ ಬ್ಯಾಕ್ಸ್’. ಇವರ ಪಾಡು ವಿಚಿತ್ರವಾದುದು. ಚೆಂಡು ಹಿಡಿಯುವವನಿಗೆ ತಾನು ಎಲ್ಲಿ ತಿರುಗಬೇಕೆಂಬುದು ಮೊದಲೇ ಗೊತ್ತು. ಅವನು ಮುಂದಕ್ಕೆ ಓಡುತ್ತಾನೆ. ಕಾವಲುಗಾರನಿಗೆ ಅದೇನೂ ತಿಳಿಯದು; ಅವನ ಓಟ ಹಿಮ್ಮುಖವಾಗಿ ಆರಂಭವಾಗುತ್ತದೆ. ಹತ್ತು ಸಲ ತಡೆದರೆ ಯಾರೂ ಹೆಸರೆತ್ತುವುದಿಲ್ಲ. ಒಂದು ಸಲ ಜಾರಿದರೆ ಸಾವಿರಾರು ಜನ ಬೆರಳು ತೋರಿಸುತ್ತಾರೆ. ಕ್ರಿಕೆಟ್ಟಿನ ವಿಕೆಟ್‌ಕೀಪರನ ಕಷ್ಟವನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂಥವರಿಗೆ ಪಾಠ ಹೇಳುವವನನ್ನಂತೂ ಕೇಳುವವರೇ ಇಲ್ಲ. ಎಮ್ಮಿಟ್ ಥಾಮಸ್ ತನ್ನ ಬಾಳಿನ ಬಹುಭಾಗವನ್ನು ಕಳೆದುದು ಈ ಪಾಠದಲ್ಲಿ.

ಥಾಮಸ್ 1943ರಲ್ಲಿ ಟೆಕ್ಸಾಸ್ ರಾಜ್ಯದ ಆಂಗಲ್ಟನ್ ಊರಿನಲ್ಲಿ ಹುಟ್ಟಿದ. ಆ ಕಾಲದ ನೀಗ್ರೋ ಜನಾಂಗದ ತರುಣರಿಗೆ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿರಲಿಲ್ಲ. ಆತ ಸೇರಿದ ಬಿಷಪ್ ಕಾಲೇಜು ಕರಿಯರಿಗಾಗಿಯೇ ಸ್ಥಾಪಿತವಾದ ಸಂಸ್ಥೆ. 1988ರಲ್ಲಿ ಅದೂ ಮುಚ್ಚಿಹೋಯಿತು. 1966ರ ಸಾಲಿಗೆ ವೃತ್ತಿತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಂಡಾಗ ಈತನ ಹೆಸರನ್ನು ಯಾವ ತಂಡವೂ ಕರೆಯಲಿಲ್ಲ. ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡದವರು ಕರಿಯರ ಕಾಲೇಜುಗಳಲ್ಲಿ ಪ್ರತಿಭೆಯನ್ನು ಅರಸುವುದಕ್ಕೆಂದೇ ಲಾಯ್ಡ್ ವೆಲ್ಸ್ ಎಂಬಾತನನ್ನು ನೇಮಿಸಿಕೊಂಡಿದ್ದರು. ಇತರರು ಕಣ್ಣೆತ್ತಿಯೂ ನೋಡದ ಕಡೆ ಆ ತಂಡ ಹುಡುಕಿತು. ಥಾಮಸನಿಗೆ ಸ್ಥಳ ದೊರೆತುದೂ ಅಲ್ಲಿಯೇ.

ಅಲ್ಲಿ ಆತ 13 ವರ್ಷ ಆಡಿದ. ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಾರಿ ಹಿಡಿದದ್ದು 58 ಸಲ. 1974ರ 14 ಪಂದ್ಯಗಳಲ್ಲೇ 12 ಸಲ ಹಿಡಿದು ದೇಶಕ್ಕೆಲ್ಲ ಮೊದಲಿಗನಾದ. 1970ರ ಜನವರಿ 11ರಂದು ಚೀಫ್ಸ್ ತಂಡ ಮಿನೆಸೋಟವನ್ನು 23-7ರಿಂದ ಸೋಲಿಸಿ ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ಗೆದ್ದಿತು. ಅಂದೂ ಒಂದು ಚೆಂಡು ಥಾಮಸನ ಕೈಸೇರಿತು.

ವಿಧಿಯ ವಿನೋದವೆಂದರೆ, ಆತನ ಕೊನೆಯ ಆಟದ ವರ್ಷವಾದ 1978ರಲ್ಲಿಯೇ ಆಟದ ನಿಯಮ ಬದಲಾಯಿತು. ಬಹುಕಾಲದಿಂದ ಕಾವಲುಗಾರನು ಓಡುವವನನ್ನು ದಾರಿಯಲ್ಲಿ ತಳ್ಳಿ, ತಡೆದು, ಲಯ ಕೆಡಿಸಬಹುದಾಗಿತ್ತು. ಹೊಸ ನಿಯಮದಂತೆ ಆರಂಭದ ಗೆರೆಯಿಂದ 5 ಗಜ ದಾಟಿದ ಮೇಲೆ ಅವನನ್ನು ಮುಟ್ಟುವಂತಿಲ್ಲ. ನೋಡುವ ಜನರಿಗೆ ಅಂಕಗಳು ಹೆಚ್ಚು ಬೇಕು. ಆ ಲೆಕ್ಕದ ಹೊರೆ ಬಿದ್ದುದು ಹಿಂಗಾವಲಿನ ಹೆಗಲ ಮೇಲೆ. ತನ್ನ ಕೈಗಳು ಕಲಿತ ವಿದ್ಯೆಯಲ್ಲಿ ಅರ್ಧದಷ್ಟನ್ನು ಥಾಮಸ್ ಶಿಷ್ಯರಿಗೆ ದಾಟಿಸುವಂತಿರಲಿಲ್ಲ. ಉಳಿದುದು ಕಾಲು ಮತ್ತು ಕಣ್ಣು.

ಈ ವಿದ್ಯೆಯ ಮೊದಲ ಪಾಠವೇ ಸ್ವಾರಸ್ಯವಾದುದು. ಎದುರಾಳಿಯ ಮುಖವನ್ನು ನೋಡಬಾರದು. ಕಣ್ಣು ಸುಳ್ಳು ಹೇಳುತ್ತದೆ, ತಲೆ ಸುಳ್ಳು ಹೇಳುತ್ತದೆ, ಭುಜವೂ ಹೇಳುತ್ತದೆ. ಸೊಂಟಕ್ಕೆ ಮಾತ್ರ ಸುಳ್ಳಾಡಲು ಬಾರದು. ಸೊಂಟ ಎತ್ತ ತಿರುಗಿತೋ ದೇಹ ಅತ್ತಲೇ. ಎರಡನೆಯದು, ಹಿಮ್ಮುಖವಾಗಿ ಓಡುತ್ತಿರುವಾಗಲೇ ಕ್ಷಣಾರ್ಧದಲ್ಲಿ ತಿರುಗಿ ಮುನ್ನುಗ್ಗುವುದು. ಬೆನ್ನು ಸ್ವಲ್ಪ ನೆಟ್ಟಗಾದರೂ ಒಂದು ಹೆಜ್ಜೆ ತಡ. ಆ ಒಂದು ಹೆಜ್ಜೆಯೇ ಸೋಲು. ಮೂರನೆಯದು ಎಲ್ಲಕ್ಕಿಂತ ಕಠಿಣ: ಮೋಸಹೋದ ಮರುಗಳಿಗೆಯೇ ಅದನ್ನು ಮರೆಯುವುದು. ಇದನ್ನು ಕಲಿಸುವವನಿಗೆ ವ್ಯಾಯಾಮಶಾಸ್ತ್ರದಷ್ಟೇ ಮನಸ್ಸಿನ ಮರ್ಮವೂ ತಿಳಿದಿರಬೇಕು.

ಕಾಲೇಜೊಂದರಲ್ಲಿ ಎರಡು ವರ್ಷ ಕಲಿಸಿ, 1981ರಲ್ಲಿ ಥಾಮಸ್ ವೃತ್ತಿತಂಡಗಳ ಶಿಕ್ಷಕವರ್ಗವನ್ನು ಸೇರಿದ. ಮೊದಲು ಸೇಂಟ್ ಲೂಯಿ, 1986ರಿಂದ ವಾಷಿಂಗ್ಟನ್. ಅಲ್ಲಿ 1988ರಲ್ಲಿ ಒಂದು, 1992ರಲ್ಲಿ ಮತ್ತೊಂದು ಸೂಪರ್ ಬೌಲ್ ಗೆಲುವು. ಅಲ್ಲಿನ ಹಿಂಗಾವಲಿನಲ್ಲಿ ಡ್ಯಾರೆಲ್ ಗ್ರೀನ್ ಎಂಬ ಚಿಕ್ಕಾಳು, ಮಿಂಚಿನ ವೇಗದವನು, ಇದ್ದ. ಥಾಮಸ್ ಬರುವ ವೇಳೆಗಾಗಲೇ ಅವನು ಹೆಸರು ಮಾಡಿದ್ದನೆಂಬುದು ನಿಜ. ಆದರೆ ವೇಗವೊಂದನ್ನೇ ನೆಚ್ಚಿದವನ ಬದುಕು ಈ ಆಟದಲ್ಲಿ ಅಲ್ಪಾಯು. ಗ್ರೀನ್ ಆಡಿದ್ದು 20 ವರ್ಷ.

1995ರಲ್ಲಿ ರೇ ರೋಡ್ಸ್ ಫಿಲಡೆಲ್ಫಿಯಾ ತಂಡದ ಮುಖ್ಯ ತರಬೇತುಗಾರನಾದಾಗ, ರಕ್ಷಣಾ ವಿಭಾಗವನ್ನೆಲ್ಲ ಥಾಮಸನ ಕೈಗೊಪ್ಪಿಸಿದ. ಮರುವರ್ಷ ಆ ತಂಡಕ್ಕೆ ಬ್ರಯಾನ್ ಡಾಕಿನ್ಸ್ ಎಂಬ ಹೊಸ ಹುಡುಗ ಬಂದ. ಮೈದಾನದಲ್ಲಿ ಬೆಂಕಿಯಂಥವನು; ಮನೆಗೆ ಹೋದರೆ ಮನಸ್ಸು ಕತ್ತಲೆ. ಹೊಸ ವೃತ್ತಿ, ಹೊಸ ಸಂಸಾರ. ಖಿನ್ನತೆಯು ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಎಳೆದೊಯ್ದಿತ್ತು. ಗಂಡಸು, ಅದರಲ್ಲಿಯೂ ಇಂಥ ಆಟವಾಡುವ ಗಂಡಸು, ಇದನ್ನು ಬಾಯಿಬಿಟ್ಟು ಹೇಳುವ ಕಾಲ ಅದಾಗಿರಲಿಲ್ಲ. ಅವನಿಗೆ ತಜ್ಞರ ನೆರವು ದೊರಕಿಸಿಕೊಟ್ಟವನು ಥಾಮಸ್. ಡಾಕಿನ್ಸ್ ಮುಂದೆ 16 ವರ್ಷ ಆಡಿದ. 2018ರಲ್ಲಿ ಕ್ಯಾಂಟನ್ ನಗರದ ಕೀರ್ತಿಮಂದಿರಕ್ಕೆ ಸೇರುವ ಗೌರವ ಬಂದಾಗ ತನ್ನ ಆ ಕತ್ತಲ ದಿನಗಳನ್ನು ತುಂಬಿದ ಸಭೆಯ ಮುಂದೆ ತೆರೆದಿಟ್ಟ. ಸೊಂಟದ ಚಲನೆಯನ್ನು ಓದಬಲ್ಲ ಗುರುವಿಗೆ ಮುಖದ ಹಿಂದಿನದನ್ನೂ ಓದಲು ಬರುತ್ತಿತ್ತು.

ಆದರೂ ಮುಖ್ಯ ತರಬೇತುಗಾರನ ಪೀಠ ಥಾಮಸನಿಗೆ ದೂರವೇ ಉಳಿಯಿತು. ಆತ ವೃತ್ತಿತಂಡಕ್ಕೆ ಕಲಿಸಲಾರಂಭಿಸಿದ ವರ್ಷ ಆ ಪೀಠದಲ್ಲಿ ಒಬ್ಬನೇ ಒಬ್ಬ ಕರಿಯನೂ ಇರಲಿಲ್ಲ. 1989ರಲ್ಲಿ ಆರ್ಟ್ ಶೆಲ್ ಬರುವವರೆಗೂ ಅದೇ ಸ್ಥಿತಿ. ಗ್ರೀನ್ ಬೇ, ಮಿನೆಸೋಟ ಎಂದು ಸುತ್ತಿ ಥಾಮಸ್ 2002ರಲ್ಲಿ ಅಟ್ಲಾಂಟಾಕ್ಕೆ ಬಂದ. 2007ರ ಡಿಸೆಂಬರಿನಲ್ಲಿ ಅಲ್ಲಿನ ಮುಖ್ಯ ತರಬೇತುಗಾರ ಬಾಬಿ ಪೆಟ್ರಿನೊ ಮೂರು ಪಂದ್ಯಗಳಿರುವಾಗಲೇ ಕೆಲಸ ಬಿಟ್ಟು ನಡೆದ. ತಂಡದ ಹೆಸರಾಂತ ಆಟಗಾರ ಮೈಕೆಲ್ ವಿಕ್ ಆಗಲೇ ಸೆರೆಮನೆಯಲ್ಲಿದ್ದ. ಯಾರಿಗೂ ಬೇಡವಾದ ಆ ಹೊಣೆ 64 ವಯಸ್ಸಿನ ಥಾಮಸನ ಮೇಲೆ ಬಿತ್ತು. ಎರಡು ಸೋಲು, ಕೊನೆಯದರಲ್ಲಿ ಸಿಯಾಟಲ್ ವಿರುದ್ಧ 44-41ರ ಗೆಲುವು. ಮರುವರ್ಷ ಹೊಸ ಮುಖ್ಯಸ್ಥ ಬಂದ. ಥಾಮಸ್ ಮತ್ತೆ ತನ್ನ ಹಿಂಗಾವಲಿನ ಹುಡುಗರ ನಡುವೆ ಬಂದು ನಿಂತ.

ಅದೇ 2008ರ ಬೇಸಗೆಯಲ್ಲಿ ಕ್ಯಾಂಟನ್ ಆತನನ್ನೂ ಕರೆಯಿತು. ಆಟ ಬಿಟ್ಟು 30 ವರ್ಷವಾಗಿತ್ತು. ಆ ದಿನ ಅದೇ ವೇದಿಕೆಯ ಮೇಲೆ ಅದೇ ಗೌರವ ಪಡೆದವರಲ್ಲಿ ಡ್ಯಾರೆಲ್ ಗ್ರೀನ್ ಸಹ ಒಬ್ಬ. ಗುರುಶಿಷ್ಯರ ಲೆಕ್ಕ ನೋಡಿದರೆ ಗುರುವಿನದು 58 ಚೆಂಡು, ಶಿಷ್ಯನದು 54.

2010ರಲ್ಲಿ ಥಾಮಸ್ ತವರುಮನೆಯಂಥ ಕ್ಯಾನ್ಸಾಸ್ ಸಿಟಿಗೆ ಮರಳಿದ. 1970ರ ಬಳಿಕ ಆ ತಂಡ ಮತ್ತೆ ಸೂಪರ್ ಬೌಲ್ ಕಂಡಿರಲಿಲ್ಲ. 2019ರ ಜನವರಿ 20ರಂದು ಅದರ ಹೊಸ್ತಿಲಿನ ಪಂದ್ಯ, ನ್ಯೂ ಇಂಗ್ಲೆಂಡ್ ವಿರುದ್ಧ, ತಮ್ಮದೇ ಬಯಲಿನಲ್ಲಿ ನಡೆಯಿತು. ಸುಮಾರು ಒಂದು ನಿಮಿಷ ಉಳಿದಿದ್ದಾಗ ಚೀಫ್ಸ್ 28-24ರಿಂದ ಮುಂದಿತ್ತು. ಎದುರಾಳಿ ಟಾಮ್ ಬ್ರೇಡಿ ಎಸೆದ ಚೆಂಡು ಜೊತೆಗಾರನ ಕೈತಪ್ಪಿ ಚಿಮ್ಮಿ ಚಾರ್ವೇರಿಯಸ್ ವಾರ್ಡ್ ಎಂಬ ಹಿಂಗಾವಲಿನ ಹುಡುಗನ ಕೈಸೇರಿತು. ಅವನು ಆ ವರ್ಷವಷ್ಟೇ ವೃತ್ತಿಗೆ ಬಂದವನು. ಥಾಮಸನಂತೆಯೇ ಅವನನ್ನೂ ಯಾವ ತಂಡವೂ ಆರಿಸಿರಲಿಲ್ಲ. ಬಯಲೆಲ್ಲ ಜಯಘೋಷ. ಅಷ್ಟರಲ್ಲಿ ತೀರ್ಪುಗಾರರ ಬಾವುಟ ನೆಲಕ್ಕೆ ಬಿದ್ದಿತ್ತು: ಮುಂದಿನ ಸಾಲಿನ ಜೊತೆಗಾರನೊಬ್ಬ ಗೆರೆ ಮೀರಿ ನಿಂತಿದ್ದ. ಹಿಡಿದ ಚೆಂಡು ಲೆಕ್ಕಕ್ಕಿಲ್ಲ. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, 37-31ರಿಂದ ಕೈತಪ್ಪಿತು.

ಅದು ಥಾಮಸನ ಕೊನೆಯ ಪಂದ್ಯ. ಆಟಗಾರನಾಗಿ 13, ಗುರುವಾಗಿ 38, ಒಟ್ಟು 51 ವರ್ಷಗಳ ಬಳಿಕ, 75ರ ವಯಸ್ಸಿನಲ್ಲಿ ಆತ ನಿವೃತ್ತನಾದ. ಮರುವರ್ಷ, 2020ರ ಫೆಬ್ರವರಿ 2ರಂದು, ಕ್ಯಾನ್ಸಾಸ್ ಸಿಟಿ ಸೂಪರ್ ಬೌಲ್ ಗೆದ್ದಿತು. ಹಿಂಗಾವಲಿನಲ್ಲಿ ಚಾರ್ವೇರಿಯಸ್ ವಾರ್ಡ್ ಇದ್ದ.