ಕನಿಕರವೊಂದೇ ಸಾಲದು

ಒಳ್ಳೆಯ ಪದವಿ ಪಡೆದೂ ಸಂಬಳದ ನೌಕರಿ ಬಿಟ್ಟು ಬಡವರಿಗಾಗಿ ಉದ್ಯಮ ಕಟ್ಟಲು ಹೊರಡುವ ತರುಣರನ್ನು ಕಂಡಾಗ 'ಪಾಪ, ಕರುಳು ಮೆತ್ತಗೆ' ಎನ್ನುವುದು ವಾಡಿಕೆ. ದಾನಕ್ಕೆ ಕನಿಕರ ಸಾಕು. ಆದರೆ ಸಾಮಾಜಿಕ ಉದ್ಯಮದಲ್ಲಿ ಬಡವ ಗಿರಾಕಿ. ಆತ ದುಡ್ಡು ಕೊಡಬೇಕು, ಸಂಸ್ಥೆಯೂ ಉಳಿಯಬೇಕು. ಇದಕ್ಕೆ ಬೇಕಾದ ಗುಣವೇ ಬೇರೆ.

ಹರೀಶ್ ಹಂದೆ ಅವರನ್ನೇ ನೋಡಿ. ಖರಗಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಅವರು, ಡೊಮಿನಿಕನ್ ಗಣರಾಜ್ಯದ ಬಡವರು ಹಣ ತೆತ್ತು ಸೌರದೀಪ ಉರಿಸುವುದನ್ನು ಕಂಡರು. ಅಲ್ಲಿಗೆ ಸಂಶೋಧನೆಯ ದಿಕ್ಕೇ ಬದಲಾಯಿತು. ಶ್ರೀಲಂಕಾದ ಕರೆಂಟಿಲ್ಲದ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಬೆಂಗಳೂರಿನಲ್ಲಿ 'ಸೆಲ್ಕೊ' ಆರಂಭಿಸಿದರು.

ಸೌರದೀಪ ಬಡವರಿಗೆ ದುಬಾರಿ ಎಂಬುದು ಆಗ ಎಲ್ಲರ ಮಾತು. ತಿಂಗಳಿಗೆ 300 ರೂಪಾಯಿ ಆಗದು, ದಿನಕ್ಕೆ 10 ರೂಪಾಯಿ ಆದೀತು ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆ ನೆನೆಯುತ್ತಾರೆ. ಗಣಿತದಲ್ಲಿ ಎರಡೂ ಒಂದೇ. ಆದರೆ ಅಂದಂದಿನ ದುಡಿಮೆಯಲ್ಲಿ ಬದುಕುವವರಿಗೆ ತಿಂಗಳ ಕೊನೆ ಎಂಬುದೇ ಇಲ್ಲವಲ್ಲ! ಕಾಲೇಜು ಉತ್ತರ ಹೇಳುವುದನ್ನು ಕಲಿಸುತ್ತದೆ. ಹೀಗೆ ಕೂತು ಕೇಳಿಸಿಕೊಳ್ಳುವುದನ್ನಲ್ಲ. ಗಿರಾಕಿಯ ಸಂಪಾದನೆಗೆ ಕಂತು ಹೊಂದಿಸುವುದು, ಸಾಲಕ್ಕಾಗಿ ಗ್ರಾಮೀಣ ಬ್ಯಾಂಕುಗಳ ಮನವೊಲಿಸುವುದು ಹಂದೆಯವರಿಗೆ ದೀಪದಷ್ಟೇ ದೊಡ್ಡ ಕೆಲಸವಾಯಿತು.

ಜೊತೆಗೆ ಹಠವೂ ಬೇಕು. 2000ದ ದಶಕದ ಮಧ್ಯದಲ್ಲಿ ಜರ್ಮನಿಯ ಸಬ್ಸಿಡಿಯಿಂದ ಬೇಡಿಕೆ ಹೆಚ್ಚಿ ಸೌರಫಲಕಗಳ ಬೆಲೆ ಏರಿದಾಗ ಸೆಲ್ಕೊ ನಷ್ಟಕ್ಕಿಳಿಯಿತು. ಆದರೂ ಬಾಗಿಲು ಮುಚ್ಚಲಿಲ್ಲ. ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 2011ರಲ್ಲಿ, ಆರಂಭವಾದ 16 ವರ್ಷಗಳ ಮೇಲೆ.