ಕೀಲಿಕೈ ಬಿದ್ದಾಗ ಎದ್ದವನ ಕ್ರಿಸ್‌ಮಸ್

ಗಟ್ಟಿ ತೋಳುಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಒರಗಿಸಿ ಕೂರಬೇಕು. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಭಾರದ ಕೀಲಿಕೈ. ಅದರ ನೇರ ಕೆಳಗೆ, ನೆಲದ ಮೇಲೆ, ಕವುಚಿಟ್ಟ ತಟ್ಟೆ. ಜೊಂಪು ಹತ್ತಿದೊಡನೆ ಬೆರಳು ಸಡಿಲವಾಗುತ್ತದೆ. ಠಣ್! ಎಚ್ಚರ. ಅಷ್ಟೇ ನಿದ್ದೆ ಸಾಕು, ಇನ್ನು ಕುಂಚ ಹಿಡಿಯಿರಿ.

ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ (1904–1989) 1948ರ ತನ್ನ ಪುಸ್ತಕದಲ್ಲಿ ಚಿತ್ರಕಾರರಿಗೆ ಹೇಳಿಕೊಟ್ಟ ಗುಟ್ಟು ಇದು. ಕನಸು ಅವನಿಗೆ ಕಸುಬಿನ ಸರಕು. ಕನಸುಗಳ ಅರ್ಥ ಬಿಡಿಸಿದ ಮನೋವಿಶ್ಲೇಷಕ ಫ್ರಾಯ್ಡ್‌ನನ್ನು ಓದಿ ಹುಚ್ಚು ಹಿಡಿಸಿಕೊಂಡವನು, 1938ರಲ್ಲಿ ಲಂಡನ್ನಿಗೆ ಹೋಗಿ ಆತನನ್ನು ಕಂಡುಬಂದವನು. ಬೆಣ್ಣೆಯಂತೆ ಕರಗಿ ಜೋತುಬಿದ್ದ ಗಡಿಯಾರಗಳನ್ನು 1931ರಲ್ಲೇ ಬರೆದಿದ್ದ. ಇಂಥವನ ಕೈಗೆ ಕ್ರಿಸ್‌ಮಸ್ ಕಾರ್ಡ್ ಕೊಟ್ಟರೆ?

ಅಮೆರಿಕದ ಶುಭಾಶಯ ಕಾರ್ಡುಗಳ ಕಂಪನಿ ಹಾಲ್‌ಮಾರ್ಕ್ ಕೊಟ್ಟೇಬಿಟ್ಟಿತು. ಡಾಲಿಯ ಷರತ್ತುಗಳೂ ಡಾಲಿಯಂಥವೇ: 10 ಚಿತ್ರಕ್ಕೆ 15,000 ಡಾಲರ್, ಅದೂ ನಗದು, ಅದೂ ಮುಂಗಡ. ಏನು ಬರೆಯಬೇಕು, ಯಾವುದರಲ್ಲಿ ಬರೆಯಬೇಕು ಎಂದು ಯಾರೂ ಹೇಳಕೂಡದು. ಗಡುವು ಇಲ್ಲ. ರಾಯಧನವೂ ಬೇಡ. ಬಂದ ಚಿತ್ರಗಳಲ್ಲಿ ತಲೆಯೇ ಇಲ್ಲದ ದೇವದೂತನೊಬ್ಬ ಲೂಟ್ ವಾದ್ಯ ನುಡಿಸುತ್ತಿದ್ದ. ಶಿಶು ಯೇಸುವನ್ನು ಕಾಣಲು ಹೊರಟ ಮೂವರು ಜ್ಞಾನಿಗಳು ಹುಚ್ಚೆದ್ದ ಒಂಟೆಗಳನ್ನೇರಿದ್ದರು. ಕ್ರಿಸ್‌ಮಸ್ ಮರವೋ, ಚಿಟ್ಟೆಗಳಿಂದಲೇ ಕಟ್ಟಿದ್ದು. ಕಂಪನಿ ಧೈರ್ಯ ಮಾಡಿ ಅಚ್ಚು ಹಾಕಿದ್ದು ಎರಡನ್ನು ಮಾತ್ರ: ಯೇಸುವಿನ ಜನನ, ತಾಯಿ–ಮಗು. 1960ರಲ್ಲಿ ಅಂಗಡಿಗೆ ಬಂದ ಅವೂ ಜನಕ್ಕೆ ಒಗ್ಗಲಿಲ್ಲ. ತಕರಾರು ಎದ್ದಿತು, ಕಾರ್ಡುಗಳು ವಾಪಸಾದವು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಅದೇ ಕಾಲದಲ್ಲಿ ಸ್ಪೇನಿನಲ್ಲಿ ಹೆಕ್ಸ್ಟ್ ಇಬೆರಿಕಾ ಎಂಬ ಔಷಧ ಕಂಪನಿಗೂ ಡಾಲಿ ಹಬ್ಬದ ಕಾರ್ಡು ಬರೆಯುತ್ತಿದ್ದ. 1958ರಿಂದ 1976ರವರೆಗೆ ಒಟ್ಟು 19 ಕಾರ್ಡು. ವೈದ್ಯರಿಗೆ, ಔಷಧ ವ್ಯಾಪಾರಿಗಳಿಗೆ ಕಂಪನಿ ಕಳಿಸುತ್ತಿದ್ದ ಶುಭಾಶಯ ಅವು. ಸ್ಪೇನಿನ ಮನೆಗಳಲ್ಲಿ ಹಬ್ಬವೆಂದರೆ ಗೋದಲಿ, ರಾಜರೆಂದೇ ಕರೆಯುವ ಆ ಮೂವರು ಜ್ಞಾನಿಗಳು. ಆದರೆ ಡಾಲಿ ಮತ್ತೆಮತ್ತೆ ಬರೆದದ್ದು ಉತ್ತರದ ಚಳಿನಾಡಿನಿಂದ ಬಂದ ಮರವನ್ನು, ಅದೂ ಕನಸಿನಲ್ಲಿ ಕಂಡಂತೆ ಇನ್ನೇನೋ ಆಗಿ ಮಾರ್ಪಟ್ಟ ಮರವನ್ನು.

ಕೈ ಒಂದೇ, ಕನಸೂ ಒಂದೇ. ಅಮೆರಿಕದಲ್ಲಿ ಸೋತದ್ದು ಸ್ಪೇನಿನಲ್ಲಿ 19 ವರ್ಷ ಬಾಳಿದ್ದು ಹೇಗೆ? ವ್ಯತ್ಯಾಸ ಇರುವುದು ಸಹಿಯಲ್ಲಿ. ಅಂಗಡಿಯ ಕಾರ್ಡಿಗೆ ಕೊಂಡವರು ತಮ್ಮ ಹೆಸರು ಬರೆದು ಅತ್ತೆಗೋ ಪಾದ್ರಿಗೋ ಕಳಿಸಬೇಕು. ಚಿತ್ರದ ವಿಚಿತ್ರಕ್ಕೆ ಜವಾಬು ಹೇಳಬೇಕಾದವರು ಆಗ ಅವರೇ. ಕಂಪನಿಯ ಕಾರ್ಡಿಗೆ ಆ ಹೊರೆ ಇಲ್ಲ. ಪಡೆದವರು ಬೆರಗಾಗಿ ನೋಡಿ ಮೇಜಿನ ಮೇಲಿಟ್ಟರೆ ಸಾಕು.

ಹಾಗೆ ನೋಡಿದರೆ ತಕರಾರಿಗೆ ಕನಸೇ ಬೇಕಿಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾರಾಟಕ್ಕೆ ತಂದ ಮೊದಲ ಕ್ರಿಸ್‌ಮಸ್ ಕಾರ್ಡಿನ ನಡುವೆ ಇದ್ದುದು ಊಟಕ್ಕೆ ಕೂತ ಒಂದು ಕುಟುಂಬ. ಚಿತ್ರಕಾರ ಜಾನ್ ಹಾರ್ಸ್‌ಲಿ ಅದರಲ್ಲೊಂದು ಪುಟ್ಟ ಮಗುವಿನ ತುಟಿಗೂ ವೈನ್ ಲೋಟ ತಾಗಿಸಿದ್ದ. ಪಾನವಿರೋಧಿಗಳು ರೇಗಿದರು. ಆ ಮನೆಯವರೆಲ್ಲ ಪೂರ್ತಿ ಎಚ್ಚರವಾಗಿಯೇ ಇದ್ದರು.