ಹೆಸರಿನೊಳಗೆ ಹೊಕ್ಕ ಹಂದಿ

ದುಬಾರೆಯ ಬಳಿ ಕಾವೇರಿ ನದಿಯು ಬಂಡೆಗಳ ನಡುವೆ ಸೀಳುಸೀಳಾಗಿ ಹರಿಯುತ್ತದೆ. ಈಚೆಯ ದಡದಿಂದ ದೋಣಿಯಲ್ಲಿ ದಾಟಿದರೆ ಅರಣ್ಯ ಇಲಾಖೆಯ ಆನೆ ಶಿಬಿರ. ಅದರ ಹಿಂದೆ ದಟ್ಟವಾದ ಕಾಡು. ಒಮ್ಮೆ ನಾವು ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಮಾವುತರು ಆನೆಗಳ ಮೈ ತೊಳೆಯುವುದನ್ನು ನೋಡುತ್ತಿದ್ದ ಹುಡುಗನೊಬ್ಬನು, “ಸರ್, ದೋಣಿಗೂ ಕಾಸು, ಆನೆ ನೋಡುವುದಕ್ಕೂ ಕಾಸು. ಎಲ್ಲವೂ ದುಬಾರಿಯಾದ್ದರಿಂದಲೇ ಈ ಊರಿಗೆ ದುಬಾರೆ ಎಂದು ಹೆಸರಾಯಿತೇನೋ!” ಎಂದನು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮರಳಿ ಬರುವಾಗ ನಮಗೆ ಬೇರೊಂದು ಯೋಚನೆ ಹತ್ತಿತು. ಆ ಹುಡುಗನು ವಿನೋದಕ್ಕಾಗಿ ಮಾಡಿದ್ದನ್ನೇ ಪಂಡಿತರೂ ಪಾಮರರೂ ಎರಡು ಸಾವಿರ ವರ್ಷಗಳಿಂದ ಗಂಭೀರವಾಗಿ ಮಾಡುತ್ತ ಬಂದಿದ್ದಾರಲ್ಲವೆ? ಅರ್ಥ ತಿಳಿಯದ ಹಳೆಯ ಹೆಸರು ಎದುರಾದಾಗ, ತನಗೆ ತಿಳಿದ ಮಾತಿನೊಂದಿಗೆ ಅದನ್ನು ಗಂಟುಹಾಕುವುದು ಮನುಷ್ಯನ ಸ್ವಭಾವ.

ಇದಕ್ಕೆ ಅತ್ಯುತ್ತಮ ನಿದರ್ಶನವು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿದೆ. ಕ್ರಿ.ಶ. 43ರಲ್ಲಿ ರೋಮನರು ಬ್ರಿಟನ್ನಿನ ಮೇಲೆ ದಂಡೆತ್ತಿ ಬಂದಾಗ ಅಲ್ಲಿಯ ಜನರ ನುಡಿ ಇಂಗ್ಲಿಷ್ ಆಗಿರಲಿಲ್ಲ. ಅದು ಕೆಲ್ಟಿಕ್ ಕುಟುಂಬಕ್ಕೆ ಸೇರಿದ ಭಾಷೆ. ಕ್ರಿ.ಶ. 71ರಲ್ಲಿ ರೋಮನರು ಕಟ್ಟಿದ ಕೋಟೆಗೆ ಎಬೊರಾಕಮ್ ಎಂಬ ಹೆಸರಾಯಿತು. ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವಂತೆ, ಇದು ಅಲ್ಲಿಯ ಕೆಲ್ಟಿಕ್ ಹೆಸರೇ. ‘ಯೂ ಎಂಬ ಮರಗಳಿರುವ ತಾಣ’ ಎಂದು ಇದರ ಅರ್ಥ. ರೋಮನರು ಹೋದರು, ಆಂಗ್ಲರು ಬಂದರು. ಅವರಿಗೆ ಕೆಲ್ಟಿಕ್ ನುಡಿ ತಿಳಿಯದು. ‘ಎಬೊರ್’ ಎಂಬುದು ಅವರ ಕಿವಿಗೆ ತಮ್ಮ ‘ಎಯೊಫೊರ್’, ಅಂದರೆ ಕಾಡುಹಂದಿ, ಎಂದು ಕೇಳಿಸಿತು. ಊರು ಎಯೊಫೊರ್‌ವಿಕ್ ಆಯಿತು. ಮರಗಳ ತಾಣ ಹಂದಿಗಳ ಊರಾಯಿತು! 866ರಲ್ಲಿ ಅದನ್ನು ಗೆದ್ದ ವೈಕಿಂಗರ ಬಾಯಲ್ಲಿ ಅದೇ ಯೊರ್ವಿಕ್ ಆಗಿ, ಸವೆದು ಸವೆದು ಇಂದಿನ ಯಾರ್ಕ್ ಆಗಿದೆ.

ವಿಚಿತ್ರವೆಂದರೆ, ಅಂಥದೇ ಒಂದು ಹಂದಿ ನಮ್ಮ ಕೊಡಗಿನ ಹೆಸರಿನೊಳಗೂ ಹೊಕ್ಕಿದೆ. ಕಾವೇರಿ ಮಾಹಾತ್ಮ್ಯವು ಈ ನಾಡನ್ನು ‘ಕ್ರೋಡದೇಶ’ವೆನ್ನುತ್ತದೆ. ಸಂಸ್ಕೃತದಲ್ಲಿ ಕ್ರೋಡವೆಂದರೆ ಹಂದಿ. ಇಲ್ಲಿಯ ಪೂರ್ವಿಕರು ಹಂದಿಗಳಂತೆ ನೆಲವನ್ನು ಉಗುರಿನಿಂದಲೇ ಬಗೆದು ಹದಮಾಡಿದರೆಂದೂ, ಅದರಿಂದಲೇ ಈ ಹೆಸರು ಬಂದಿತೆಂದೂ ಕಥೆಯುಂಟು. ಕಥೆ ಸೊಗಸಾಗಿದೆ, ಬೆಟ್ಟದ ನೆಲವನ್ನು ಗದ್ದೆಮಾಡಿದವರ ಶ್ರಮಕ್ಕೆ ಅದು ಸಲ್ಲಿಸುವ ಗೌರವವೂ ಸರಿಯೇ. ಆದರೆ ಅದು ಹೆಸರಿನ ಮೂಲವೆ?

ಭೌತಶಾಸ್ತ್ರದ ಅಧ್ಯಾಪಕರಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಶಬ್ದಗಳಿಗೂ ನಿಯಮಗಳುಂಟು, ಆ ನಿಯಮಗಳನ್ನು ಪರೀಕ್ಷಿಸಬಹುದು ಎಂಬುದೇ ನಮ್ಮನ್ನು ಇತ್ತ ಸೆಳೆದದ್ದು. ತಮಿಳಿನಲ್ಲಿ ದೇಹಕ್ಕೆ ‘ಉಡಲ್’ ಎಂದರೆ ಕನ್ನಡದಲ್ಲಿ ‘ಒಡಲು’. ತಮಿಳಿನ ‘ಕುಡೈ’ ಕನ್ನಡದಲ್ಲಿ ‘ಕೊಡೆ’. ತಮಿಳಿನ ‘ಪುಗೈ’ ಹಳಗನ್ನಡದಲ್ಲಿ ‘ಪೊಗೆ’, ಇಂದು ‘ಹೊಗೆ’. ಮುಂದಿನ ಅಕ್ಷರದಲ್ಲಿ ಮೂಲತಃ ಅಕಾರವಿದ್ದಾಗ ತಮಿಳಿನ ಉಕಾರಕ್ಕೆ ಎದುರಾಗಿ ಕನ್ನಡದಲ್ಲಿ ಒಕಾರ ಬರುತ್ತದೆ. ಅಕಾರವಿಲ್ಲದಿದ್ದರೆ? ತಮಿಳಿನ ‘ಪುಲಿ’ ಕನ್ನಡದಲ್ಲಿ ‘ಹುಲಿ’ಯೇ ಹೊರತು ‘ಹೊಲಿ’ಯಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಫಲವನ್ನು ನೋಡುವಂತೆಯೇ ಇದು. ಭದ್ರಿರಾಜು ಕೃಷ್ಣಮೂರ್ತಿಯವರು 1958ರಲ್ಲಿ ಈ ಸ್ವರವ್ಯತ್ಯಾಸವನ್ನು ಕ್ರಮಬದ್ಧವಾಗಿ ವಿವರಿಸಿದರು.

ಈಗ ನಿಯಮವನ್ನು ಹಿಡಿದು ‘ಕೊಡಗು’ ಎಂಬ ಮಾತಿನ ಬಳಿಗೆ ಹೋಗೋಣ. ಇದಕ್ಕೆ ತಮಿಳಿನಲ್ಲಿ ‘ಕುಡಗು’ ಎಂಬ ರೂಪವಿರಬೇಕು. ಇದೆ! ತಮಿಳರೂ ಮಲಯಾಳಿಗಳೂ ಈ ನಾಡನ್ನು ಹಾಗೆಯೇ ಕರೆಯುತ್ತಾರೆ. ಅಷ್ಟೇ ಅಲ್ಲ, ಹಳೆಯ ತಮಿಳಿನಲ್ಲಿ ‘ಕುಡಕ್ಕು’ ಎಂದರೆ ಪಡುವಣ ದಿಕ್ಕು. ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿಕೋಶವು ಇವೆಲ್ಲವನ್ನೂ ಒಂದೇ ಗುಂಪಿನಲ್ಲಿರಿಸಿದೆ. ಹಾಗಾದರೆ ಕೊಡಗು ಎಂದರೆ ಪಡುವಣ ನಾಡು. ಇಲ್ಲಿ ಒಂದು ಸ್ವಾರಸ್ಯವಿದೆ. ಕೊಡಗಿನಲ್ಲಿ ನಿಂತವನಿಗೆ ಕೊಡಗು ಪಡುವಣವಾಗಲಾರದು. ಕಾವೇರಿಯ ಕೆಳಬಯಲಿನಲ್ಲಿ ನಿಂತು, ಸೂರ್ಯ ಮುಳುಗುವ ಕಡೆಯ ಬೆಟ್ಟಗಳತ್ತ ಕೈತೋರಿದ ಮೂಡಣದವರು ಇಟ್ಟ ಹೆಸರು ಇದು. ಬರವಣಿಗೆಯ ದಾಖಲೆಯಿಲ್ಲದ ಕಾಲದಲ್ಲಿ ಹೆಸರಿಟ್ಟವರು ಎತ್ತ ನಿಂತಿದ್ದರೆಂಬುದನ್ನು ಒಂದು ಶಬ್ದ ಹೇಳುತ್ತದೆ.

ಸ್ವರಗಳ ಲೆಕ್ಕ ಕಷ್ಟವೆನಿಸಿದವರಿಗೆ ಇಸವಿಗಳ ಲೆಕ್ಕವುಂಟು. ದುಬಾರೆಗೆ ಹೋಗುವವರು ಅನೇಕರು ಕುಶಾಲನಗರವನ್ನು ಹಾದುಹೋಗುತ್ತಾರೆ. ಹೈದರಾಲಿಯು ಅಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂದಿತೆಂದೂ, ಆ ಸಂತೋಷದಿಂದ ‘ಖುಷಾಲ್ ನಗರ’ವೆಂದು ಕರೆದನೆಂದೂ ಗೆಜೆಟಿಯರುಗಳೂ ಬರೆದಿವೆ. ನಾವೂ ಇದನ್ನು ತರಗತಿಯಲ್ಲಿ ಹೇಳಿದ್ದೆವು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಯಾವ ಇಸವಿ, ಸರ್?” ಎಂದಳು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆವು. ಟಿಪ್ಪು ಹುಟ್ಟಿದ್ದು 1750ರಲ್ಲಿ. ಹೈದರನ ಸೈನ್ಯ ಕೊಡಗಿನತ್ತ ತಿರುಗಿದ್ದು 1763ರಲ್ಲಿ ಬಿದನೂರು ಅವನ ವಶವಾದ ಮೇಲೆ. ಅಷ್ಟರಲ್ಲಿ ಮಗನಿಗೆ ಹನ್ನೆರಡು ತುಂಬಿತ್ತು! ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆವು.

ಕುಶಾಲನಗರದ ಭಾಗ್ಯ ಅಲ್ಲಿಗೂ ಮುಗಿಯಲಿಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ಕೈವಶಮಾಡಿಕೊಂಡ ಮೇಲೆ ಕರ್ನಲ್ ಫ್ರೇಸರನ ನೆನಪಿಗೆ ಅದು ಫ್ರೇಸರ್‌ಪೇಟೆಯಾಗಿ, ಮತ್ತೆ ಕುಶಾಲನಗರವಾಯಿತು. ಮಡಿಕೇರಿಯನ್ನು ಟಿಪ್ಪು ಜಾಫರಾಬಾದ್ ಎಂದು ಕರೆದನು. ಇಂದು ಆ ಹೆಸರನ್ನು ಯಾರು ಬಲ್ಲರು? ಗೆದ್ದವರ ಕೈ ಕೋಟೆಗೂ ಪೇಟೆಗೂ ಎಟಕುತ್ತದೆ. ಹೊಳೆಗೆ ಸುಲಭವಾಗಿ ಎಟಕುವುದಿಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಟಾಲೆಮಿಯು ತನ್ನ ಭೂಗೋಳದಲ್ಲಿ ‘ಖಾಬೇರೋಸ್’ ಎಂಬ ನದಿಯನ್ನು ಗುರುತಿಸಿದ್ದಾನೆ. ಅದು ನಮ್ಮ ಕಾವೇರಿಯೇ. ಕ್ರಿ.ಪೂ. 54ರಲ್ಲಿ ಜೂಲಿಯಸ್ ಸೀಸರನು ದಾಟಿದ ‘ಟಮೆಸಿಸ್’ ಇಂದಿಗೂ ಥೇಮ್ಸ್. ಇಂಗ್ಲೆಂಡಿನ ಏವನ್ ನದಿಯ ಕಥೆ ಇನ್ನೂ ತಮಾಷೆ: ಅದರ ಕೆಲ್ಟಿಕ್ ಅರ್ಥವೇ ನದಿ, ಆದ್ದರಿಂದ ಏವನ್ ನದಿ ಎಂದರೆ ‘ನದಿ ನದಿ’. ನಗುವ ಮುನ್ನ ಪೊನ್ನಂಪೇಟೆಯ ಕಡೆಯ ಕುಂದ ಬೆಟ್ಟವನ್ನು ನೆನೆಯಿರಿ. ಕೊಡವ ತಕ್ಕಿನಲ್ಲಿ ‘ಕುಂದ್’ ಎಂದರೆ ಬೆಟ್ಟ!

ಪೊನ್ನಂಪೇಟೆಯ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ. ಕನ್ನಡದಲ್ಲಿ ಪಕಾರವು ಹಕಾರವಾಗಿ ‘ಪೊನ್’ ‘ಹೊನ್ನು’ ಆಯಿತು. ಕೊಡವ ತಕ್ಕು ಪಕಾರವನ್ನೇ ಉಳಿಸಿಕೊಂಡಿತು. ಆದ್ದರಿಂದ ಪಕಾರ ಕಂಡ ಮಾತ್ರಕ್ಕೆ ಊರು ಪ್ರಾಚೀನವೆನ್ನುವಂತಿಲ್ಲ. ಪೇಟೆ ಹೊಸದಿರಬಹುದು, ಧ್ವನಿ ಹಳೆಯದು. ಆದರೆ ಇದೇ ಸೂತ್ರ ದುಬಾರೆಯಲ್ಲಿ ನಮಗೊಂದು ಬಾಗಿಲು ತೆರೆಯಿತು. ಅಲ್ಲಿಯ ಮಾವುತರಲ್ಲಿ ಬಹುಮಂದಿ ಜೇನುಕುರುಬರು. ಅವರ ವಸತಿಗೆ ‘ಹಾಡಿ’ ಎಂದು ಹೆಸರು. ಕಕ್ಕಬ್ಬೆಯ ಬಳಿ ಇಗ್ಗುತ್ತಪ್ಪ ದೇವರಿರುವ ಊರು ‘ಪಾಡಿ’. ಹಳಗನ್ನಡದಲ್ಲಿಯೂ ತಮಿಳಿನಲ್ಲಿಯೂ ಪಾಡಿ ಎಂದರೆ ಚಿಕ್ಕ ವಸತಿ. ಪಕಾರವನ್ನು ಹಕಾರ ಮಾಡಿ ನೋಡಿದರೆ ಹಾಡಿಯೂ ಪಾಡಿಯೂ ಒಂದೇ ಮಾತು.

ಇನ್ನು ದುಬಾರೆ. ‘ದುಬಾರಿ’ ಎಂಬುದು ‘ದೋ’ ಎಂಬ ಉತ್ತರದ ಸಂಖ್ಯೆಯನ್ನು ಹೊತ್ತು ಬಂದ ಮಾತು. ಇಮ್ಮಡಿ ಎಂಬುದು ಅದರ ಮೊದಲ ಅರ್ಥ. ದರಬಾರು, ಲೆಕ್ಕಪತ್ರಗಳ ಜೊತೆಗೆ ಬಂದ ಇಂಥ ಮಾತು ಕಾಡಿನ ದಂಡೆಗೆ ಏಕೆ ಅಂಟಿಕೊಳ್ಳಬೇಕು? ‘ಬಾರೆ’ಯನ್ನು ‘ಪಾರೆ’, ಅಂದರೆ ಬಂಡೆ, ಎಂದು ಓದಲು ನಮಗೆ ಆಸೆಯಾಗುತ್ತದೆ, ಕಣ್ಣೆದುರಿಗೇ ಬಂಡೆಗಳಿವೆ. ಆದರೆ ಕಣ್ಣೆದುರಿಗೆ ಹಂದಿಗಳೂ ಇದ್ದವು. ಹಳೆಯ ಕಂದಾಯದ ಕಾಗದಗಳಲ್ಲಿ ಹೆಸರಿನ ರೂಪ, ಕೊಡವರ ಉಚ್ಚಾರಣೆ, ಜೇನುಕುರುಬರ ಉಚ್ಚಾರಣೆ, ಇದೇ ಕೊನೆಯುಳ್ಳ ನೆರೆಯ ಹೆಸರುಗಳು, ಈ ನಾಲ್ಕನ್ನೂ ಕೂಡಿಸುವವರೆಗೆ ಆಸೆಯನ್ನು ಆಸೆಯೆಂದೇ ಕರೆಯತಕ್ಕದ್ದು.

ಆ ಕೆಲಸಕ್ಕೆ ಕಾಲ ಬಹಳವಿಲ್ಲ. ಮುಂದಿನ ಸಲ ನಾವು ಹೋದಾಗ ವಯಸ್ಸಾದ ಮಾವುತರೊಬ್ಬರು ದಂಡೆಯ ಮೇಲೆ ಕುಳಿತು, ಈ ಮಡುವಿಗೆ ಇಂಥ ಹೆಸರು, ಆ ಬಂಡೆಗೆ ಇಂಥ ಹೆಸರು ಎಂದು ಬೆರಳು ತೋರುತ್ತ ಹೇಳಿದರು. ನಮ್ಮಲ್ಲಿದ್ದ ನಕ್ಷೆಯಲ್ಲಿ ಅವು ಒಂದೂ ಇರಲಿಲ್ಲ. “ನಮ್ಮ ಹುಡುಗರಿಗೆ ಅರ್ಧ ಗೊತ್ತು, ಅವರ ಮಕ್ಕಳಿಗೆ ಗೊತ್ತಿಲ್ಲ” ಎಂದರು. ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ದೋಣಿಯ ಹೊತ್ತಾಗುವಷ್ಟರಲ್ಲಿ ಹನ್ನೊಂದು ಹೆಸರುಗಳಾಗಿದ್ದವು. ಹಾಡಿಯ ಅಜ್ಜಿಯೊಬ್ಬರಿಗೆ ಅವನ್ನು ಓದಿಹೇಳಿದಾಗ ಮೂರನ್ನು ತಿದ್ದಿದರು. ಎರಡು ರೂಪಗಳನ್ನೂ ಹಾಗೆಯೇ ಉಳಿಸಿಕೊಳ್ಳಿರೆಂದು ಹೇಳಿದೆವು.